ರಾಕೆಟ್ಟಿಗೊಂದು ಹಿಡಿ ಭಂಡಾರ

ನಮ್ಮ ಚಿಕ್ಕೋಡಿ ಕಡೆ ಕ್ಯಾಮರಾ ಹಿಡಿದ ಮನುಷ್ಯನನ್ನು ಕಂಡರೆ ಜನ ಮೊದಲು ಟೋಪಿ ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಉಸಿರು ಬಿಗಿಹಿಡಿಯುತ್ತಾರೆ. ಅಲ್ಲಿಯತನಕ ಹಲ್ಲು ಬಿಟ್ಟು ಹರಟುತ್ತಿದ್ದವನು ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವನಂತಾಗುತ್ತಾನೆ. ನಾನು ಗುಂಡಿ ಒತ್ತಿದೆನೋ ಇಲ್ಲವೋ, "ನಮಗೊಂದ ಕಾಪಿ ಕೊಡ್ರಿ ಮತ್ತ" ಎನ್ನುತ್ತಾನೆ. ಕಾಪಿ ಕೊಟ್ಟರೆ, "ಇದೇನ್ರಿ, ನಮ್ಮ ಮಾರಿ ಹಿಂಗ ಬಂದೈತಿ?" ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತಾನೆ. ಹುಟ್ಟಿದಾಗಿನಿಂದ ಹಾಗೇ ಇದೆಯಪ್ಪಾ ಎಂದು ಹೇಳಲು ಬರುತ್ತದೆಯೇ? ಇದೇ ಕಾರಣಕ್ಕೆ ನಾನು ಮನುಷ್ಯರ ಸಹವಾಸ ಬಿಟ್ಟು ಆಕಾಶದ ಫೋಟೋ ತೆಗೆಯಲು ಹೊರಟೆ. ಆಕಾಶ ಟೋಪಿ ಸರಿಮಾಡಿಕೊಳ್ಳುವುದಿಲ್ಲ, ಕಾಪಿಯನ್ನೂ ಕೇಳುವುದಿಲ್ಲ.

ಆಗ ನಾನು ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ ಕಾರಕೂನ. ಕಬ್ಬು ಹೇರಿಕೊಂಡು ಬಂದ ಗಾಡಿ, ಟ್ರ್ಯಾಕ್ಟರುಗಳನ್ನು ತೂಗಿ ಚೀಟಿ ಹರಿದು ಕೊಡುವುದು ನನ್ನ ಉದ್ಯೋಗ. ಇಡೀ ದಿನ ತಲೆ ತಗ್ಗಿಸಿ ತಕ್ಕಡಿಯ ಮುಳ್ಳನ್ನೇ ನೋಡುವವನಿಗೆ ಸಂಜೆಯಾದರೆ ತಲೆಯೆತ್ತಿ ಏನನ್ನಾದರೂ ನೋಡಬೇಕು ಅನ್ನಿಸುವುದು ಸಹಜ. ಮಿರಜದಲ್ಲಿ ಡಾಕ್ಟರರೊಬ್ಬರು ಮಾರಲಿಟ್ಟಿದ್ದ ಹಳೆಯ ರಷ್ಯನ್ ಕ್ಯಾಮರಾವನ್ನು ಕೊಂಡು ತಂದೆ. ಅದರ ಭಾರ ಎಷ್ಟಿತ್ತೆಂದರೆ, ಕೊರಳಿಗೆ ಹಾಕಿಕೊಂಡ ಕೂಡಲೇ ಎಂಥ ಸೊಕ್ಕಿನ ಮನುಷ್ಯನೂ ತಲೆ ಬಾಗಿಸಿ ವಿನಯವಂತನಾಗುತ್ತಿದ್ದ. ಗುಂಡಿ ಒತ್ತಿದರೆ ಕಬ್ಬಿಣದ ಟ್ರಂಕು ಮುಚ್ಚಿದ ಸದ್ದು. ನನ್ನ ಹೆಂಡತಿ ಸುನಂದಾ ಅದನ್ನು ಕ್ಯಾಮರಾ ಎಂದು ಒಂದು ದಿನವೂ ಕರೆಯಲಿಲ್ಲ. "ನಿಮ್ಮ ಒರಳಕಲ್ಲ ಮಂಚದ ಮ್ಯಾಲಿಂದ ತಗೀರಿ, ಹಾಸಗಿ ಹಾಸಬೇಕು" ಎನ್ನುತ್ತಿದ್ದಳು.

ಕ್ಯಾಮರಾ ಶಾಸ್ತ್ರದಲ್ಲಿ ಒಂದು ವಿಚಿತ್ರವುಂಟು. ಬೆಳಕನ್ನು ಒಳಗೆ ಬಿಡುವ ಕಿಂಡಿಗೆ ನಂಬರುಗಳಿರುತ್ತವೆ. ನಂಬರು ದೊಡ್ಡದಾದಷ್ಟೂ ಕಿಂಡಿ ಸಣ್ಣದಾಗುತ್ತದೆ. ಇದನ್ನು ಅರಗಿಸಿಕೊಳ್ಳಲು ಉಳಿದವರಿಗೆ ಬಹಳ ದಿನ ಬೇಕಾಗುತ್ತದಂತೆ. ಸರಕಾರಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದ ನನಗೆ ಕೂಡಲೇ ತಿಳಿಯಿತು. ಹುದ್ದೆ ದೊಡ್ಡದಾದಷ್ಟೂ ಒಳಗೆ ಬಿಡುವ ಬಾಗಿಲು ಸಣ್ಣದಾಗುವುದನ್ನು ನಾನು ಕಂಡವನೇ. ಆದರೆ ಶಾಸ್ತ್ರ ತಿಳಿಯುವುದು ಬೇರೆ, ಫೋಟೋ ಬರುವುದು ಬೇರೆ. ನನ್ನ ಹುಣ್ಣಿಮೆಯ ಚಂದ್ರ ಬಿಳಿಯ ಮಾತ್ರೆಯಂತೆ ಬಂತು. ಗ್ರಹಣದ ದಿನ ತೆಗೆದದ್ದು ಪೂರ್ತಿ ಕಪ್ಪಾಗಿ ಬಂತು. ಗ್ರಹಣವಲ್ಲವೆ, ಕಪ್ಪೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಈ ಫೋಟೋಗಳನ್ನೆಲ್ಲ ನಾನು ಒಯ್ದು ತೋರಿಸುತ್ತಿದ್ದುದು ಬಾಬೂರಾವನಿಗೆ. ಬಸ್‌ಸ್ಟ್ಯಾಂಡಿನ ಎದುರು ಅವನ ಸ್ಟುಡಿಯೋ. ಮುಂದೆ ಒಂದು ಗಾಜಿನ ಕಪಾಟು. ಊರಿನಲ್ಲಿ ಯಾರ ಮುಖ ನೋಡುವಂತಿದೆ ಎಂಬುದನ್ನು ತೀರ್ಮಾನಿಸುತ್ತಿದ್ದುದು ಆ ಕಪಾಟು. ಉಂಗುರ ಕಾಣುವಂತೆ ಗದ್ದಕ್ಕೆ ಕೈಕೊಟ್ಟ ಮದುಮಗ, ಹೊಸ ಸಫಾರಿ ತೊಟ್ಟ ಸೊಸೈಟಿ ಚೇರಮನ್, ನಟ್ಟನಡುವೆ ಟೆಲಿಫೋನನ್ನು ಕಿವಿಗಿಟ್ಟು ನಗುತ್ತಿರುವ ಒಬ್ಬ ಮದುಮಗಳು. ಆ ಟೆಲಿಫೋನಿನ ತಂತಿ ಎಲ್ಲಿಗೂ ಹೋಗಿರಲಿಲ್ಲ, ಆದರೂ ಆಕೆ ವರ್ಷಾನುಗಟ್ಟಲೆ ಯಾರದೋ ಮಾತು ಕೇಳಿ ನಗುತ್ತಲೇ ಇದ್ದಳು. ನನ್ನದೊಂದು ಫೋಟೋ ಆ ಕಪಾಟಿನಲ್ಲಿ ಕೂಡಬೇಕೆಂಬುದು ನನ್ನ ಏಕೈಕ ಆಸೆ. ಬಡ್ತಿ ಸಿಗದಿದ್ದರೂ ಇಷ್ಟು ಮರುಗುತ್ತಿರಲಿಲ್ಲ, ಖರೇ ಹೇಳುತ್ತೇನೆ.

ಬಾಬೂರಾವ ನನ್ನ ಚಂದ್ರನನ್ನು ಬೆಳಕಿಗೆ ಹಿಡಿದು ನೋಡಿ, "ಕಾರಕೂನ್ರ, ತಲಿನೋವಿನ ಗುಳಿಗಿ ಫೋಟೋ ಭಾಳ ಛಲೋ ಬಂದೈತ್ರಿ" ಎಂದ. ಬೆಂಚಿನ ಮೇಲೆ ಪಾಸ್‌ಪೋರ್ಟ್ ಸೈಜಿಗೆ ಕಾಯುತ್ತ ಕೂತವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ನಗಬ್ಯಾಡೋ ಬಾಬೂ, ಒಂದಿಲ್ಲೊಂದ ದಿನ ನನ್ನ ಫೋಟೋ ನೀನಾಗೇ ಬೇಡಿ ಹಚ್ಚತೀ" ಎಂದೆ. ಅವನು, "ಹಂಗಾದ್ರ ಈ ತಾಲೂಕಿನ್ಯಾಗ ಯಾರೂ ತಗೀಲಾರದ್ದು ಒಂದ ತಗೊಂಡ ಬರ್ರಿ. ಟೆಲಿಫೋನಿನಾಕಿನ್ನ ತಗದು ಅಲ್ಲೇ ಹಚ್ಚತೀನಿ, ನಡುವ!" ಎಂದು ಎಲ್ಲರೆದುರು ಮಾತು ಕೊಟ್ಟ. ಅದೇ ವಾರ ಪೇಪರಿನಲ್ಲಿ ಬಂತು, ಶ್ರೀಹರಿಕೋಟಾದಿಂದ ರಾಕೆಟ್ ಹಾರಿಸಲಿದ್ದಾರೆ ಎಂದು. ಓದಿದವನೇ ಬಾಬೂರಾವನಿಗೆ, "ರಾಕೆಟ್ ತರ್ತೀನಿ, ಜಾಗಾ ಖಾಲಿ ಮಾಡ" ಎಂದು ಹೇಳಿಬಂದೆ. ಮರುದಿನಕ್ಕೆ ಇಡೀ ಬಜಾರಿಗೆ ಗೊತ್ತಾಗಿತ್ತು. ಕಾಟಾಕ್ಕೆ ಬಂದ ಗಾಡಿಯವರು ಕೂಡ, "ಯಾವಾಗ ಹಾರ್ತೀರಿ, ಸಾಹೇಬ್ರ?" ಎಂದು ಕೇಳತೊಡಗಿದರು.

ಮಾತು ಕೊಟ್ಟದ್ದಾಯಿತು, ಹೋಗುವುದು ಹೇಗೆ? ಚಿಕ್ಕೋಡಿ ಎಲ್ಲಿ, ಶ್ರೀಹರಿಕೋಟಾ ಎಲ್ಲಿ! ಇಲ್ಲಿ ನನ್ನ ನೆರವಿಗೆ ಬಂದವರು ನನ್ನ ಮಾವನವರು, ಸುನಂದಾಳ ತಂದೆ. ಅಥಣಿ ತಾಲೂಕಿನ ಅನಂತಪುರದಲ್ಲಿ ಅವರದು ದ್ರಾಕ್ಷಿ ತೋಟ. ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂದು, ತಿರುಪತಿಗೆ ಹೋಗಿ ಮುಡಿ ಕೊಡುವ ಹರಕೆ ತೀರಿಸಲು ಬಾಡಿಗೆಯ ಟ್ರ್ಯಾಕ್ಸ್ ಜೀಪು ಹೇಳಿದ್ದರು. ತಿರುಪತಿಯಿಂದ ರಾಕೆಟ್ಟಿನ ಊರು ತೀರ ದೂರವಲ್ಲವೆಂದು ನಾನು ಭೂಪಟ ಬಿಚ್ಚಿ ತೋರಿಸಿದೆ. ಮಾವನವರು ಭೂಪಟ ನೋಡಲಿಲ್ಲ, ನನ್ನನ್ನು ನೋಡಿದರು.

"ಅಲ್ರಿ ಅಳಿಯಂದ್ರ, ಅದು ಮ್ಯಾಲ ಹೋಗಿ ಏನ ಮಾಡತೈತಿ?"

"ಅದರಾಗ ಒಂದ ಉಪಗ್ರಹ ಇರತೈತ್ರಿ ಮಾವಾರ. ಅದು ಮ್ಯಾಲ ತಿರಗ್ಯಾಡಿ ನಮ್ಮ ದೇಶದ ಫೋಟೋ ತಗೀತೈತಿ. ಹೊಳಿ, ಹಳ್ಳ, ಬೆಳಿ, ಎಲ್ಲಾ."

"ನನ್ನ ದ್ರಾಕ್ಷಿ ತ್ವಾಟಾನೂ?"

"ತಗದ ತಗೀತೈತ್ರಿ."

ಮಾವನವರು ಸ್ವಲ್ಪ ಹೊತ್ತು ಮೀಸೆ ತಿರುವಿ, "ನಿಮಗಿಂತ ಛಲೋ ತಗೀತೈತಿಲ್ಲೋ?" ಎಂದರು. ಅವಮಾನ ನುಂಗಿಕೊಂಡು ಹೌದೆಂದೆ. "ಹಂಗಾದ್ರ ಹೋಗೂಣು. ಹಿಂದ ಒಂದ ಸಲ ಹಾರಿಸಿದ್ದು ಸಮುದ್ರಕ್ಕ ಬಿತ್ತಂತಲ್ಲ? ಈ ಸಲ ಬೀಳಬಾರದು" ಎಂದರು. ಅವರು ಹಾಗೆ ಹೇಳುವಾಗ ಅಂಗಿಯ ಕಿಸೆಯ ಮೇಲೆ ಕೈಯಾಡಿಸಿಕೊಂಡದ್ದನ್ನು ನಾನು ಗಮನಿಸಬೇಕಾಗಿತ್ತು.

ಆ ಕಿಸೆಯ ವಿಷಯ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಮಾವನವರು ಮಂಗಸೂಳಿ ಮಲ್ಲಯ್ಯನ ಒಕ್ಕಲು. ಆ ಗುಡಿಯಲ್ಲಿ ಭಂಡಾರವನ್ನು, ಎಂದರೆ ಅರಿಶಿನದ ಪುಡಿಯನ್ನು, ಹಿಡಿಹಿಡಿಯಾಗಿ ಮೇಲಕ್ಕೆ ತೂರುತ್ತಾರೆ. ಗೋಡೆ, ನೆಲ, ಭಕ್ತರು, ಭಕ್ತರ ಹಣೆಬರಹ ಎಲ್ಲ ಹಳದಿಯಾಗುತ್ತವೆ. ಮಾವನವರ ಕಿಸೆಯಲ್ಲಿ ಭಂಡಾರದ ಪೊಟ್ಟಣ ಸದಾ ಇರುತ್ತಿತ್ತು. ಬೋರು ಹೊಡೆಸಲು ಮಶೀನು ಬಂದರೆ ಅದರ ಮೇಲೆ ಒಂದು ಹಿಡಿ. ಹೊಸ ಟ್ರ್ಯಾಕ್ಟರಿಗೆ ಒಂದು ಹಿಡಿ. ಟೀವಿ ಕೊಂಡು ತಂದಾಗ ಅದರ ಬೆನ್ನಿನ ತೂತುಗಳೊಳಗೂ ಒಂದು ಹಿಡಿ ಹೋಗಿ, ಆ ಟೀವಿಯಲ್ಲಿ ಯಾವ ಕಾರ್ಯಕ್ರಮ ಬಂದರೂ ಅರಿಶಿನ ಸುಟ್ಟ ವಾಸನೆ ಬರುತ್ತಿತ್ತು. ಏನಾದರೂ ಹೊಸದಾಗಿ ಶುರುವಾಗುತ್ತದೆಂದರೆ ಅವರ ಕೈ ತಾನಾಗಿಯೇ ಕಿಸೆಗೆ ಹೋಗುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದ ನನಗೆ, ರಾಕೆಟ್ಟೂ ಹೊಸದಾಗಿ ಶುರುವಾಗುವ ವಸ್ತುವೇ ಎಂಬುದು ಹೊಳೆಯಲಿಲ್ಲ ನೋಡಿ.

ಪ್ರಯಾಣದ ಕಥೆ ಬೇಡ. ಬಾಬೂರಾವನನ್ನು ಕಾಡಿ ಬೇಡಿ ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಲೆನ್ಸು ಮತ್ತು ಮೂರು ಕಾಲಿನ ಸ್ಟ್ಯಾಂಡು ತಂದಿದ್ದೆ. ಲೆನ್ಸನ್ನು ನಾನು ಸುನಂದಾಳ ಪಕ್ಕದಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಸ್ಟ್ಯಾಂಡನ್ನು ಮಾವನವರು ದಾರಿಯುದ್ದಕ್ಕೂ ಧೋತರ ಒಣಹಾಕಲು ಬಳಸಿದರು, ಮತ್ತು ಇಷ್ಟು ಉಪಯೋಗದ ವಸ್ತುವನ್ನು ಕಂಡುಹಿಡಿದವನು ದೊಡ್ಡವನೆಂದು ಹೊಗಳಿದರು. ತಿರುಪತಿಯಲ್ಲಿ ಮುಡಿ ಕೊಟ್ಟ ಮಾವನವರು ನುಣ್ಣನೆಯ ತಲೆಯ ಮೇಲೆ ಟೋಪಿ ನಿಲ್ಲದೆ ಜಾರುವುದನ್ನು ಹಿಡಿದುಕೊಳ್ಳುತ್ತಿರಲು, ಲಡ್ಡುಗಳ ಬುಟ್ಟಿಯೊಂದಿಗೆ ನಮ್ಮ ಸವಾರಿ ಶ್ರೀಹರಿಕೋಟಾದ ಕಡೆ ಹೊರಟಿತು.

ರಾಕೆಟ್ಟಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ದೊಡ್ಡ ಸರೋವರವೊಂದರ ಈಚೆ ದಂಡೆಯ ರಸ್ತೆಯಲ್ಲಿ ಊರವರೆಲ್ಲ ನೆರೆದಿದ್ದರು. ನಾವೂ ಅಲ್ಲೇ ನಿಂತೆವು. ನೀರಿನಾಚೆ, ಮರಗಳ ಗೆರೆಯ ಹಿಂದೆ, ಎಲ್ಲೋ ಒಂದು ಕಡೆ ಅದು ನಿಂತಿದೆ ಎಂದು ಜನ ಬೆರಳು ಮಾಡಿ ತೋರಿಸುತ್ತಿದ್ದರು. ಒಬ್ಬೊಬ್ಬರ ಬೆರಳು ಒಂದೊಂದು ದಿಕ್ಕಿಗೆ. ನಾನು ಒಳ್ಳೆಯ ಬಟ್ಟೆ ತೊಟ್ಟಿದ್ದ ಒಬ್ಬರ ಬೆರಳನ್ನು ನಂಬಿ ಆ ಕಡೆಗೆ ಕ್ಯಾಮರಾ ನಿಲ್ಲಿಸಿದೆ. ಮಾವನವರು ಅಷ್ಟರಲ್ಲಿ ಮನೆಯ ಒಣದ್ರಾಕ್ಷಿ ಹಂಚಿ ಇಡೀ ಗುಂಪನ್ನು ಬಳಗ ಮಾಡಿಕೊಂಡಿದ್ದರು. ಅವರದು ಕನ್ನಡ ಮರಾಠಿ ಕೂಡಿದ ಮಾತು, ಆ ಜನರದು ತೆಲುಗು. ಆದರೂ ದ್ರಾಕ್ಷಿಯ ರೋಗ, ಔಷಧ, ಬೆಲೆ ಎಲ್ಲವೂ ಚರ್ಚೆಯಾದವು.

ನನಗೆ ಮಾತ್ರ ಕ್ಯಾಮರಾದ್ದೇ ಚಿಂತೆ. ಬಜಾರಿನ ಮುಂದೆ ಕೊಟ್ಟ ಮಾತು! ಹೆದರಿಕೆಯಾದರೆ ನನಗೆ ಹಸಿವೆ. ಬುಟ್ಟಿಯಿಂದ ಒಂದು ಲಡ್ಡು ತೆಗೆದು ತಿಂದೆ. ಲೆನ್ಸಿನ ಗಾಜಿನ ಮೇಲೆ ಧೂಳು ಕಂಡಿತು. ಹೆಬ್ಬೆರಳಿನಿಂದ ತಿಕ್ಕಿ ಒರೆಸಿದೆ.

"ರೀ, ಕೈ ತೊಳಕೊಂಡ ಮುಟ್ಟರಿ" ಎಂದಳು ಸುನಂದಾ.

"ಪ್ರಸಾದ ತಿಂದ ಕೈ ತೊಳೀಬಾರದು" ಎಂದೆ. ಧರ್ಮಶಾಸ್ತ್ರ ನನಗೆ ಇಂಥ ಹೊತ್ತಿನಲ್ಲೇ ನೆನಪಾಗುವುದು.

ಚಹಾದಂಗಡಿಯ ರೇಡಿಯೋ ಇಂಗ್ಲಿಷಿನಲ್ಲಿ ಎಣಿಸತೊಡಗಿತು. ಹತ್ತರಿಂದ ಹಿಂದಕ್ಕೆ. ಮಾವನವರಿಗೆ ಇದು ಸರಿಬರಲಿಲ್ಲ. "ಹಿಂದಕ್ಕ ಯಾಕ ಎಣಸ್ತಾರ್ರಿ? ಕಡೀಕ ಏನ ಬರತೈತಿ?" ಎಂದರು. ಕೊನೆಗೆ ಸೊನ್ನೆ ಬರುತ್ತದೆ ಎಂದೆ. "ಸೊನ್ನಿ! ಛೀ ಛೀ! ಶುಭ ಕೆಲಸಕ್ಕ ಸೊನ್ನಿ ಅಂತಾರೇನು? ಒಂದಕ್ಕ 'ಲಾಭ' ಅಂದು ಬಿಡಬೇಕು, ಅಲ್ಲಿಗೆ ಮುಗಸಬೇಕು" ಎಂದು ಸಿಟ್ಟಾದರು. ಅವರು ಹೇಳಿದ್ದು ನಮ್ಮ ಕಣದ ಪದ್ಧತಿ. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ನಮ್ಮಲ್ಲಿ ಯಾರೂ 'ಒಂದು' ಎನ್ನುವುದಿಲ್ಲ. 'ಲಾಭ' ಎಂದು ಸುರಿದು, ಆಮೇಲೆ ಎರಡು, ಮೂರು ಎಂದು ಮುಂದುವರಿಯುತ್ತೇವೆ. ಒಕ್ಕಲುತನದಲ್ಲಿ ಲಾಭ ಕಾಣುವುದು ಬಹುತೇಕ ಆ ಒಂದು ಕೊಳಗದಲ್ಲಿ ಮಾತ್ರ, ಅದು ಬೇರೆ ಮಾತು. ಆದರೆ ಇದನ್ನೆಲ್ಲ ವಿಚಾರಿಸುವ ಹೊತ್ತೇ ಅದು? ನಾನು ಕ್ಯಾಮರಾಕ್ಕೆ ಕಣ್ಣು ಹಚ್ಚಿದೆ.

ಈ ಜಾತಿಯ ಕ್ಯಾಮರಾದ ಗುಣವೆಂದರೆ, ಹಿಂದಿನಿಂದ ಕಣ್ಣಿಟ್ಟರೆ ಲೆನ್ಸು ಏನನ್ನು ಕಾಣುತ್ತದೋ ಅದನ್ನೇ ನಾವೂ ಕಾಣುತ್ತೇವೆ. ರೇಡಿಯೋ "ತ್ರೀ" ಎಂದಿತು. "ಟೂ" ಎಂದಿತು. ಮುಂದಿನದನ್ನು ಅದು ಹೇಳುವಷ್ಟರಲ್ಲಿ ಮಾವನವರು ನನ್ನ ಪಕ್ಕದಿಂದ ಎರಡು ಹೆಜ್ಜೆ ಮುಂದೆ ಹೋಗಿ, "ಲಾಭಾ! ಯಳಕೋಟ ಯಳಕೋಟ, ಜೈ ಮಲ್ಹಾರ!" ಎಂದು ಮಲ್ಲಯ್ಯನ ಜಯಕಾರ ಕೂಗಿದರು.

ಆಹಾ! ಅದೇ ಕ್ಷಣಕ್ಕೆ ನನ್ನ ಕಣ್ಣೆದುರು ಬಂಗಾರದ ಬೆಳಕು ತುಂಬಿಕೊಂಡಿತು. ಏನು ಆ ಕಾಂತಿ! ಕೆಳಗಿನಿಂದ ಮೇಲಿನತನಕ ಹಳದಿ, ನಡುವೆ ಕೇಸರಿ, ಅಂಚಿನಲ್ಲಿ ಹೊಳೆಹೊಳೆವ ಕಣಗಳು. ರಾಕೆಟ್ಟಿನ ಬೆಂಕಿ ಇಷ್ಟು ಸುಂದರವಾಗಿರುತ್ತದೆಂದು ಯಾರೂ ಹೇಳಿರಲಿಲ್ಲ. ನಾನು ಹುಚ್ಚನಂತೆ ಗುಂಡಿ ಒತ್ತಿದೆ, ರೀಲು ತಿರುವಿದೆ, ಮತ್ತೆ ಒತ್ತಿದೆ. ಸುತ್ತ ಜನ ಹೋ ಎಂದು ಕಿರುಚುತ್ತಿದ್ದರು, ನಾನೂ ಕಿರುಚಿದೆ. "ಬಾಬೂ, ಮಗನ, ಟೆಲಿಫೋನಿನಾಕಿ ಹೋದಳು ನೋಡೋ!" ಎಂದದ್ದು ನೆನಪಿದೆ. ಕಣ್ಣಲ್ಲಿ ನೀರು ಬಂದಿತ್ತು. ರೀಲು ಮುಗಿಯುವತನಕ ಆ ಬೆಳಕು ಸ್ವಲ್ಪವೂ ಅಲುಗಲಿಲ್ಲ. ರಾಕೆಟ್ಟು ಇಷ್ಟು ಹೊತ್ತು ಒಂದೇ ಕಡೆ ನಿಲ್ಲುವುದು ಹೇಗೆ ಎಂದು ಆಗಲಾದರೂ ಯೋಚಿಸಬೇಕಿತ್ತು.

ಸುನಂದಾ ನನ್ನ ರಟ್ಟೆ ಹಿಡಿದು ಅಲುಗಿಸಿದಳು. "ಯವ್ವಾ, ಅದರಾಗ ಏನ ನೋಡಾಕತ್ತೀರಿ ಇನ್ನಾ? ಅದು ಹೋತಲ್ರೀ!"

ಕಣ್ಣು ತೆಗೆದೆ. ನೀಲಿ ಆಕಾಶದಲ್ಲಿ ಬಿಳಿಯ ಹೊಗೆಯ ದಾರವೊಂದು ಸೊಟ್ಟಗೆ ನೇತಾಡುತ್ತಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ. ನೀರಿನಾಚೆಯಿಂದ ಗುಡುಗಿನ ಸದ್ದು ಮಾತ್ರ ಇನ್ನೂ ಬಂದು ಎದೆಗೆ ಬಡಿಯುತ್ತಿತ್ತು. ಬೆಳಕು ಮೊದಲು, ಸದ್ದು ತಡವಾಗಿ, ನಾನು ಎಲ್ಲಕ್ಕಿಂತ ತಡವಾಗಿ. ಕ್ಯಾಮರಾ ನೋಡಿದೆ. ಲೆನ್ಸಿನ ಗಾಜು ಮಂಗಸೂಳಿಯ ಗೋಡೆಯಾಗಿತ್ತು. ತಿರುಪತಿಯ ತುಪ್ಪ ಸವರಿದ ಜಾಗಕ್ಕೆ ಮಲ್ಲಯ್ಯನ ಭಂಡಾರ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಎರಡು ದೇವರು ಕೂಡಿ ಕೆಲಸ ಮಾಡಿದರೆ ಒಬ್ಬ ಕಾರಕೂನ ಏನು ಮಾಡಬಲ್ಲ? ಮಾವನವರು ತಲೆಯಿಂದ ಕಾಲತನಕ ಹಳದಿಯಾಗಿ, ಗುಂಪಿನವರಿಂದೆಲ್ಲ ನಮಸ್ಕಾರ ಸ್ವೀಕರಿಸುತ್ತ ನಿಂತಿದ್ದರು. "ಹೋತ್ರಿ ಅಳಿಯಂದ್ರ! ಸಮುದ್ರಕ್ಕ ಬೀಳಲಿಲ್ಲ!" ಎಂದು ನನ್ನ ಬೆನ್ನು ಚಪ್ಪರಿಸಿದರು. ನನ್ನ ಅಂಗಿಯ ಮೇಲೂ ಐದು ಬೆರಳು ಮೂಡಿದವು.

ಆದರೂ ಮನುಷ್ಯನ ಆಸೆ ನೋಡಿ. ಭಂಡಾರದ ಸಂದಿಯಲ್ಲಿ ಎಲ್ಲಾದರೂ ಒಂದು ಚೂರು ರಾಕೆಟ್ ಸಿಕ್ಕಿರಬಹುದೆಂದು ರೀಲನ್ನು ಬಾಬೂರಾವನ ಮೂಲಕವೇ ಮಿರಜದ ಕಲರ್ ಲ್ಯಾಬಿಗೆ ಕಳಿಸಿದೆ. ಲಕೋಟೆ ಬಂದದ್ದು ಬಾಬೂರಾವನ ಸ್ಟುಡಿಯೋಕ್ಕೇ. ನಾನು ಹೋಗುವಷ್ಟರಲ್ಲಿ ಅವನು ಒಡೆದು, ಬೆಂಚಿನ ಮೇಲೆ ಕೂತವರಿಗೆಲ್ಲ ಹಂಚಿದ್ದ. ಒಂದು ಫೋಟೋ ಹಳದಿ. ಇನ್ನೊಂದೂ ಹಳದಿ. ಎಲ್ಲವೂ ಹಳದಿ.

"ಕಾರಕೂನ್ರ, ರಾಕೆಟ್ ಹಾರೂದ್ರಾಗ ಕಡ್ಲಿಹಿಟ್ಟಿನ ಝುಣಕದ ಬುಟ್ಟಿಯೊಳಗ ಬಿದ್ದಿತ್ತೇನ್ರಿ?" ಎಂದ ಬಾಬೂರಾವ.

ಯಾರೂ ನಗುವುದನ್ನು ಬಿಡಲಿಲ್ಲ. ಟೆಲಿಫೋನಿನಾಕೆಯೂ ಅಂದು ನನ್ನನ್ನು ನೋಡಿಯೇ ನಗುತ್ತಿದ್ದಳೆಂದು ಕಂಡಿತು. ಅವನ ಲೆನ್ಸಿನ ತಿರುಪು ತಿರುವಿದರೆ ಇನ್ನೂ ಅರಿಶಿನ ಉದುರುತ್ತಿದೆಯೆಂದು ಬೇರೆ ಕೇಳಬೇಕಾಯಿತು. ಕಾಟಾದಲ್ಲಿ ಗಾಡಿಯವರು, "ಝುಣಕಾ ರಾಕೆಟ್ ಸಾಹೇಬ್ರು" ಎಂದು ಹಿಂದಿನಿಂದ ಪಿಸುಗುಡುತ್ತಿದ್ದರು. ಸಿಟ್ಟು ನೆತ್ತಿಗೇರಿ, ರವಿವಾರ ಬಂದದ್ದೇ ಸುನಂದಾಳನ್ನು ಕರೆದುಕೊಂಡು ಅನಂತಪುರಕ್ಕೆ ಹೋದೆ. ಫೋಟೋಗಳನ್ನು ಮಾವನವರ ಮುಂದೆ ಎಸೆದಂತೆ ಇಟ್ಟು, "ನೋಡ್ರಿ ಮಾವಾರ, ನಿಮ್ಮ ಭಂಡಾರ ನನ್ನ ಮಾನ ಕಳೀತು" ಎಂದೆ.

ಮಾವನವರು ಚಷ್ಮಾ ಹಾಕಿಕೊಂಡು ಒಂದೊಂದನ್ನೂ ನಿಧಾನವಾಗಿ ನೋಡಿದರು. ಅವುಗಳಲ್ಲಿ ಒಂದನ್ನು ಆರಿಸಿ, ಎದ್ದು ಹೋಗಿ, ದೇವರ ಜಗಲಿಯ ಮೇಲೆ ಮಲ್ಲಯ್ಯನ ಪಕ್ಕಕ್ಕೆ ಇಟ್ಟು ಕೈಮುಗಿದರು.

"ಮಾವಾರ, ಅದರಾಗ ರಾಕೆಟ್ ಇಲ್ರಿ!"

"ಗೊತ್ತೈತ್ರಿ. ರಾಕೆಟ್ಟಿನ ಫೋಟೋ ಎಲ್ಲಾ ಪೇಪರಿನ್ಯಾಗೂ ಬಂತು. ನನ್ನ ಭಂಡಾರದ ಫೋಟೋ ಯಾವ ಪೇಪರಿನ್ಯಾಗ ಬಂದೈತಿ, ಹೇಳ್ರಿ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಇಷ್ಟ ವರ್ಷ ಹಾರಿಸೀನಿ, ಹಾರಿದ ಮ್ಯಾಲ ಅದು ಹೆಂಗ ಕಾಣತೈತಿ ಅಂತ ಒಮ್ಮೆಯೂ ನೋಡಿಲ್ರಿ. ದೇವರ ಹೆಸರ ತಗೊಂಡ ಕೂಡ್ಲೇ ನನಗ ಕಣ್ಣ ಮುಚ್ಚತಾವು."

ನನಗೆ ಒಂದು ಸಂಶಯ ಬಂತು. "ಅಂದ್ರ, ಅವತ್ತೂ?"

ಮಾವನವರು ಅತ್ತಿತ್ತ ನೋಡಿದರು. ತಿರುಪತಿಯಿಂದ ಬಂದಾಗಿನಿಂದ ಅವರು ಕಟ್ಟೆಯ ಮೇಲೆ ಕೂತು, ರಾಕೆಟ್ಟು ಹೇಗೆ ಎದ್ದಿತು, ಹೇಗೆ ಹೊರಳಿತು, ಹೇಗೆ ಮೋಡ ಸೀಳಿತು ಎಂದು ಇಡೀ ಅನಂತಪುರಕ್ಕೆ ಕೈಬೀಸಿ ವರ್ಣಿಸಿದ್ದರು. "ಕಣ್ಣ ತಗದು ನೋಡೂದ್ರಾಗ ಬರೇ ಹೊಗಿ ಇತ್ರಿ" ಎಂದರು ಮೆಲ್ಲಗೆ.

ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ ತಿಳಿಯದು. ಅಷ್ಟು ದೂರ ಹೋಗಿ, ಒಬ್ಬ ಕಣ್ಣು ಮುಚ್ಚಿ, ಇನ್ನೊಬ್ಬ ಕಣ್ಣು ಹಚ್ಚಿ, ಇಬ್ಬರೂ ಕುರುಡರಾಗಿ ಬಂದಿದ್ದೆವು. ಕಪಾಟು ಹಾಳಾಗಿ ಹೋಗಲಿ, ಬಾಬೂರಾವ ಹಾಳಾಗಿ ಹೋಗಲಿ. ಆ ಒಂದು ಸಲ ಅದನ್ನು ಸುಮ್ಮನೆ ನೋಡಬೇಕಾಗಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಏಕಕಾಲಕ್ಕೆ ಅಡುಗೆಮನೆಗೆ ಹೋದೆವು. ಸುನಂದಾ ಒಲೆಯ ಮುಂದೆ ಹಾಲು ಕಾಯಿಸುತ್ತ ಕೂತಿದ್ದಳು.

"ಸುನಂದಾ, ಅವತ್ತ ನೀ ನೋಡಿದ್ಯೇನು? ಹೆಂಗಿತ್ತು?" ಎಂದೆ.

"ಛಲೋ ಇತ್ತು" ಎಂದಳು, ಪಾತ್ರೆಯಿಂದ ಕಣ್ಣು ತೆಗೆಯದೆ.

"ಛಲೋ ಅಂದ್ರ ಹೆಂಗ ಬೇ? ಸಾವಕಾಶ ಹೇಳ" ಎಂದರು ಮಾವನವರು.

"ಹೆಂಗ ಹೇಳ್ಲೆಪ್ಪಾ? ಹಾಲ ಉಕ್ಕಿದಂಗ. ಸುಮ್ನ ಇರತೈತಿ, ಸುಮ್ನ ಇರತೈತಿ, ಒಮ್ಮೆಲೇ ಮ್ಯಾಲ ಬರತೈತಿ. ಕಾದು ಕುಂತವರಿಗಷ್ಟ ಕಾಣತೈತಿ. ನೀವು ಇಬ್ಬರೂ ಹುಟ್ಟಿ ಒಂದ ದಿನಾನರ ಹಾಲ ಕಾದೀರೇನು?" ಎಂದು, ಹಾಲು ಅಂಚಿಗೆ ಬಂದ ಕ್ಷಣಕ್ಕೇ ಸೆರಗಿನಿಂದ ಪಾತ್ರೆ ಇಳಿಸಿದಳು. ಒಂದು ಹನಿ ಚೆಲ್ಲಲಿಲ್ಲ. ಎಮ್ಮೆಯ ಹಾಲಿನ ಇನ್ನೊಂದು ಪಾತ್ರೆಯನ್ನು ಒಲೆಯ ಮೇಲಿಟ್ಟು, "ಕುಂಡ್ರರಿ ಇಲ್ಲೇ. ಇದರ ಮ್ಯಾಲಿಂದ ಕಣ್ಣ ತಗೀಬ್ಯಾಡ್ರಿ. ನಾ ಹಿತ್ತಲಕ್ಕ ಹೋಗಿ ಬರ್ತೀನಿ" ಎಂದು ಎದ್ದುಹೋದಳು.

ನಾವಿಬ್ಬರೂ ಮಣೆ ಹಾಕಿಕೊಂಡು ಕೂತೆವು. ಕ್ಯಾಮರಾ ಇಲ್ಲ, ಭಂಡಾರ ಇಲ್ಲ. ಹಾಲು ಸುಮ್ಮನಿತ್ತು. ಬಹಳ ಹೊತ್ತು ಸುಮ್ಮನಿತ್ತು. ಕೆನೆಯ ಮೇಲೆ ಒಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ನಾನು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದೆ. ಮಾವನವರೂ ಬಾಗಿದರು.

"ಅಳಿಯಂದ್ರ, ಖರೇ ಹೇಳ್ರಿ. ಆ ಹೊಗಿನರ ನೀವು ನೋಡಿದ್ರಿಲ್ಲೋ?"

"ನೋಡಿದೆನ್ರಿ ಮಾವಾರ" ಎಂದು ನಾನು ಅವರ ಕಡೆ ತಿರುಗಿದೆ. ಪಾಪ, ಅವರು ಅಷ್ಟು ಅಕ್ಕರೆಯಿಂದ ಕೇಳಿದ್ದರು.

ಚೊಂಯ್ ಎಂದು ಸದ್ದಾಯಿತು.

ಹಿತ್ತಲಿನಿಂದ ಸುನಂದಾ ಕೂಗಿ ಕೇಳಿದಳು: "ಏನ್ರಿ, ಹೋತೇನು ಮ್ಯಾಲ?"